ಗಡಿ ಬದಲಾದ ವರ್ಷದ ಊಟದ ಮೇಜು

ನನ್ನ ಡೈರಿಯ ಕೊನೆಯ ಪುಟದಲ್ಲಿ ಒಂದು ಪಟ್ಟಿಯಿದೆ. ಪ್ರತಿ ಹೊಸ ಶಾಲೆಗೆ ಸೇರಿದ ಮೇಲೆ ಮಧ್ಯಾಹ್ನ ಒಬ್ಬಳೇ ಕೂತು ಉಂಡ ದಿನಗಳ ಲೆಕ್ಕ ಅದು. ಲೊಂಬಾರ್ಡ್ ಎಂಬ ಊರಿನಲ್ಲಿ ಹನ್ನೊಂದು. ನೋವೈನಲ್ಲಿ ಇಪ್ಪತ್ತಾರು. ಪ್ಲೇನ್‌ಫೀಲ್ಡ್‌ಗೆ ಬಂದು ಒಂಬತ್ತನೇ ತರಗತಿ ಸೇರಿದಾಗ ನಲವತ್ತಮೂರು. ಅಪ್ಪನ ಪ್ರಾಜೆಕ್ಟ್ ಬದಲಾದಾಗಲೆಲ್ಲ ನನ್ನ ಶಾಲೆಯೂ ಬದಲಾಗುತ್ತಿತ್ತು. ನನ್ನ ವಯಸ್ಸಿನ ಜೊತೆ ಈ ಸಂಖ್ಯೆಯೂ ಏರುತ್ತಿತ್ತು. ನಲವತ್ತನಾಲ್ಕನೆಯ ದಿನ ಬಯಾಲಜಿ ಲ್ಯಾಬಿನ ಹುಡುಗಿಯೊಬ್ಬಳು ಬಂದು, ನಿನ್ನ ಅನ್ನ ಯಾಕೆ ಹಳದಿ ಎಂದು ಕೇಳಿ ಎದುರು ಕೂತಳು. ಚಿತ್ರಾನ್ನದಲ್ಲಿ ಅರ್ಧ ಅವಳೇ ತಿಂದಳು. ಅಂದಿನಿಂದ ಪಟ್ಟಿ ಬೆಳೆದಿಲ್ಲ.

ಹತ್ತನೇ ತರಗತಿಯ ಜನವರಿಯಲ್ಲಿ ಶಾಲಾ ಮಂಡಳಿ, ಆಗಸ್ಟ್‌ನಿಂದ ಯಾವ ಮನೆಯ ಮಕ್ಕಳು ಯಾವ ಶಾಲೆಗೆ ಎಂದು ತೋರಿಸುವ ಹೊಸ ನಕ್ಷೆ ಹೊರಡಿಸಿತು. ಸುತ್ತಲೂ ಹೊಸ ಬಡಾವಣೆಗಳು ಎದ್ದು ನಮ್ಮ ಹೈಸ್ಕೂಲಿನಲ್ಲಿ ಜಾಗವಿರಲಿಲ್ಲ. ನಕ್ಷೆಯ ಕೆಂಪು ಗೆರೆ ಸರಿಯಾಗಿ ನಮ್ಮ ಮನೆ ಮುಂದಿನ ರಸ್ತೆಯ ಮೇಲೆ ಹಾದಿತ್ತು. ಎದುರು ಸಾಲಿನವರು ಹಳೆಯ ಶಾಲೆಗೆ, ನಮ್ಮ ಸಾಲಿನವರು ಇನ್ನೊಂದಕ್ಕೆ. ಆ ರಾತ್ರಿ ಪಟ್ಟಿಯಲ್ಲಿ ಹೊಸ ಶಾಲೆಯ ಹೆಸರು ಬರೆದು, ಮುಂದೆ ಜಾಗ ಖಾಲಿ ಬಿಟ್ಟೆ. ಅರವತ್ತಾದರೂ ಆಗಬಹುದು ಎಂದುಕೊಂಡೆ.

ಮೂರು ವಾರಗಳ ನಂತರ ಶಾಲೆಯಿಂದ ಇಮೇಲ್ ಬಂತು. ಈಗಾಗಲೇ ಓದುತ್ತಿರುವವರು ಬಯಸಿದರೆ ಅಲ್ಲೇ ಮುಗಿಸಬಹುದು. ಬಸ್ಸು ಸಿಗುವುದಿಲ್ಲ, ಮನೆಯವರೇ ಕರೆತರಬೇಕು. ತಂದೆ ಅಥವಾ ತಾಯಿ ಒಂದು ಹಾಳೆಗೆ ಸಹಿ ಹಾಕಿ, ಫೆಬ್ರವರಿಯ ಕೊನೆಯ ಶುಕ್ರವಾರ ನಾಲ್ಕು ಗಂಟೆಯೊಳಗೆ ಶಾಲೆಯ ಕಚೇರಿಗೆ ತಾವೇ ಬಂದು ಕೊಡಬೇಕು.

ಅಪ್ಪ ಅಂದೇ ಸಹಿ ಹಾಕಿದರು. ಆದರೆ ಹಾಳೆಯನ್ನು ಕೊಡಲಿಲ್ಲ. ಅದನ್ನು ಒಂದು ನೀಲಿ ಫೈಲಿನಲ್ಲಿಟ್ಟು, ಅದರ ಹಿಂದೆ ಪಾಸ್‌ಪೋರ್ಟ್ ಪ್ರತಿಗಳು, ವೀಸಾ ಕಾಗದ, ಮನೆಯ ಬಾಡಿಗೆ ಕರಾರು, ಕರೆಂಟ್ ಬಿಲ್ ಜೋಡಿಸತೊಡಗಿದರು. ಮೊದಲ ವಾರ ಹದಿನಾಲ್ಕು ಹಾಳೆ, ಎರಡನೆಯ ವಾರ ಮೂವತ್ತೊಂದು.

"ಅಪ್ಪಾ, ಒಂದು ಟಿಕ್, ಒಂದು ಸೈನ್. ಅಷ್ಟೇ ಕೇಳಿರೋದು."

"ಮೊದಲು ಎಲ್ರೂ ಹಾಗೇ ಹೇಳೋದು ಪುಟ್ಟಾ. ಆಮೇಲೆ ಇನ್ನೂ ಡಾಕ್ಯುಮೆಂಟ್ ಕೊಡಿ ಅಂತ ಲೆಟರ್ ಬಂದ್ರೆ?"

"ಇವಳೇನು ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡ್ತಿದಾಳಾ?" ಎಂದರು ಅಮ್ಮ. "ಕೂತಿರೋ ಜಾಗದಲ್ಲೇ ಕೂತ್ಕೋತೀನಿ ಅಂತಿದಾಳೆ, ಅಷ್ಟೇ."

ನಗು ಬಂದರೂ ನಾನು ನಗಲಿಲ್ಲ. ನೋವೈನಲ್ಲಿದ್ದಾಗ ವೀಸಾ ಕಚೇರಿಯಿಂದ ಅಂಥದೊಂದು ಪತ್ರ ನಿಜಕ್ಕೂ ಬಂದಿತ್ತು. ಯಾವುದೋ ಒಂದು ಹಾಳೆ ಕಡಿಮೆಯಾಗಿ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಿರಲಿಲ್ಲ.

ಕೊನೆಗೆ ಉಳಿದದ್ದು ಅಪ್ಪನ ಕಂಪನಿಯ ಪತ್ರ, ಇವರು ನಮ್ಮಲ್ಲಿ ಕೆಲಸದಲ್ಲಿದ್ದಾರೆ ಎಂಬುದು. ಶಾಲೆ ಅದನ್ನು ಕೇಳಿರಲಿಲ್ಲ. ಅದಕ್ಕಾಗಿ ಒಂಬತ್ತು ದಿನ ಕಾದೆವು.

ಕೊನೆಯ ಶುಕ್ರವಾರ ಬಸ್ಸು ನನ್ನನ್ನು ಇಳಿಸಿದಾಗ ಮೂರು ಗಂಟೆ. ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ, ರಸ್ತೆಯಂಚಿನಲ್ಲಿ ಹಿಮ. ಅಪ್ಪ ಲ್ಯಾಪ್‌ಟಾಪಿನ ಮುಂದೆ ಕೂತು, ಕಂಪನಿಯ ಪತ್ರ ಬಂತೇ ಎಂದು ಇಮೇಲ್ ನೋಡುತ್ತಿದ್ದರು.

"ಇನ್ನೊಂದು ಹತ್ತು ನಿಮಿಷ ನೋಡೋಣ." ಇದನ್ನು ಮೂರು ಸಲ ಹೇಳಿದರು. ನಾನು ಎಣಿಸಿದ್ದೇನೆ.

ಮೂರೂವರೆಗೆ ಅಮ್ಮ ಎದ್ದು ಕಾರಿನ ಕೀ ತೆಗೆದುಕೊಂಡರು. "ಬರೋದಾದ್ರೆ ಬನ್ನಿ. ಇಲ್ಲಾಂದ್ರೆ ಆ ಹಾಳೆ ಕೊಡಿ, ನಾವಿಬ್ರೂ ಹೋಗ್ತೀವಿ."

ಅಮ್ಮ ಅಲ್ಲಿಯವರೆಗೆ ಹಿಮದಲ್ಲಿ ಕಾರು ಓಡಿಸಿದವರಲ್ಲ. ಇಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುವುದರಿಂದ, ದಿನಸಿ ಅಂಗಡಿಗೆ ಹೋದರೂ ಎದುರಿನ ಗಾಡಿಗಳನ್ನು ದಾಟಿ ಎಡಕ್ಕೆ ತಿರುಗುವುದೆಂದರೆ ಭಯ. ಮೂರು ಸಲ ಬಲಕ್ಕೆ ತಿರುಗಿ, ಸುತ್ತಿಕೊಂಡು ಹೋಗುತ್ತಿದ್ದರು. ಅಪ್ಪ ಫೈಲನ್ನು ಎದೆಗವಚಿಕೊಂಡು ಪಕ್ಕದಲ್ಲಿ ಕೂತರು. ದೊಡ್ಡ ಸಿಗ್ನಲ್ ಬಂದಾಗ ಮೂರೂ ನಲವತ್ತು.

"ಬಲಕ್ಕೇ ಹೋಗು, ಸುತ್ತಿದ್ರೆ ಪರವಾಗಿಲ್ಲ," ಎಂದರು ಅಪ್ಪ.

"ಸುತ್ತಿದ್ದು ಸಾಕು," ಎಂದು ಅಮ್ಮ ಎಡಕ್ಕೆ ಇಂಡಿಕೇಟರ್ ಹಾಕಿದರು. ಹಿಂದಿನ ಕಾರಿನವನು ಎರಡು ಸಲ ಹಾರ್ನ್ ಮಾಡಿದ. ಅಮ್ಮ ಎದುರಿನಿಂದ ಬರುತ್ತಿದ್ದ ಕೊನೆಯ ಟ್ರಕ್ ಹೋಗುವವರೆಗೂ ಕಾದು, ನಿಧಾನವಾಗಿ ತಿರುಗಿದರು.

ಕಚೇರಿಯ ಹೆಂಗಸು ಕೋಟು ಹಾಕಿಕೊಳ್ಳುತ್ತಿದ್ದಳು. ಫೈಲು ತೆರೆದು ಮೇಲಿನ ಒಂದು ಹಾಳೆ ಎಳೆದುಕೊಂಡಳು, ಸಹಿ ನೋಡಿ ಮೊಹರು ಒತ್ತಿದಳು. ಉಳಿದ ಮೂವತ್ತೊಂದನ್ನು ಹಾಗೆಯೇ ಅಪ್ಪನ ಕಡೆ ತಳ್ಳಿದಳು.

"ರಿಸೀಟ್ ನಂಬರ್?" ಎಂದು ಅಪ್ಪ ವೀಸಾ ಅರ್ಜಿಗೆ ಕೇಳುವ ಹಾಗೆ ಕೇಳಿದರು.

ಅವಳಿಗೆ ಅರ್ಥವಾಗಲಿಲ್ಲ. ಅಪ್ಪನ ಬದಲು ನನ್ನನ್ನು ನೋಡಿ, ಹಾಗಾದರೆ ಆಗಸ್ಟ್‌ನಲ್ಲಿ, ಹೊಸ ತರಗತಿ ಶುರುವಾದಾಗ ಸಿಗೋಣ ಎಂದಳು.

ಪಾರ್ಕಿಂಗಿನಲ್ಲಿ ಅಪ್ಪ, "ಇಷ್ಟೇನಾ?" ಎಂದು ಮತ್ತೆ ಮತ್ತೆ ಕೇಳಿದರು. ಅಷ್ಟರಲ್ಲಿ ಅವರ ಫೋನ್ ಸದ್ದು ಮಾಡಿತು. ಕಂಪನಿಯ ಪತ್ರ ಬಂದಿತ್ತು.

"ಪ್ರಿಂಟ್ ತೆಗೆದು ಅದನ್ನೂ ಫೈಲಲ್ಲಿ ಇಟ್ಕೊಳ್ಳಿ," ಎಂದರು ಅಮ್ಮ. ಅಪ್ಪ ಮೊದಲು ಮುಖ ಗಂಟಿಕ್ಕಿ, ಆಮೇಲೆ ಕಾರಿಗೆ ಒರಗಿ ನಕ್ಕರು. ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ಆಗಸ್ಟ್‌ನಿಂದ ಅಮ್ಮನೇ ನನ್ನನ್ನು ಬಿಡುತ್ತಾರೆ. ನಾಲ್ಕು ಮೈಲಿ, ಒಂದು ಎಡ ತಿರುವು. ಮೊದಲ ದಿನ ಮಧ್ಯಾಹ್ನ ನಾನು ಡಬ್ಬಿ ತೆರೆಯುವ ಮೊದಲೇ ಬಯಾಲಜಿ ಲ್ಯಾಬಿನ ಗೆಳತಿ ಚಮಚ ಹಿಡಿದು ಕೂತಿದ್ದಳು. ಮನೆಗೆ ಬಂದು ಡೈರಿಯ ಕೊನೆಯ ಪುಟದಲ್ಲಿ ಸೊನ್ನೆ ಬರೆಯಲು ಹೊರಟೆ. ಆ ಪಟ್ಟಿ ಹೊಸ ಶಾಲೆಗಳಿಗೆ ಮಾತ್ರ ಎಂದು ಆಗ ನೆನಪಾಯಿತು. ಜನವರಿಯಲ್ಲಿ ಬರೆದಿಟ್ಟಿದ್ದ ಹೆಸರನ್ನು ಸ್ಕೇಲ್ ಇಟ್ಟು ಹೊಡೆದುಹಾಕಿದೆ.