ಅಕ್ಕನ ಫೋಟೋ, ಅಗ್ಗದ ಲೆನ್ಸು

ಅಗ್ಗಕ್ಕೆ ಆಸೆಪಟ್ಟು ಮುಗ್ಗಲು ಜೋಳ ತಂದರು ಎನ್ನುವ ಗಾದೆಯನ್ನು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದವನು ನಾನೇ. ಎಂಬತ್ತರ ದಶಕದ ನಡುವಿನ ಮಾತು. ದೇವಿಕೊಪ್ಪದ ಶಾಲೆಗೆ ಹೊಸದಾಗಿ ಮಾಸ್ತರನಾಗಿ ಸೇರಿದ್ದೆ, ಫೋಟೋ ತೆಗೆಯುವ ಹುಚ್ಚು ಹತ್ತಿತ್ತು. ಹುಬ್ಬಳ್ಳಿಯ ಓಣಿಯೊಂದರಲ್ಲಿ ಹಳೇ ಕ್ಯಾಮೆರಾ ಮಾರುವ ಮುದುಕನ ಅಂಗಡಿಗೆ ಹೋದೆ. ಕ್ಯಾಮೆರಾ ಒಪ್ಪಿಗೆಯಾಯಿತು. ಅದಕ್ಕೆ ಹಾಕಲು ಎರಡು ಲೆನ್ಸು ಇದ್ದವು: ಒಂದು ಐವತ್ತು ಎಂ.ಎಂ., ಇನ್ನೊಂದು ಇಪ್ಪತ್ತೆಂಟು. ಇಪ್ಪತ್ತೆಂಟರ ಅಂಚಿಗೆ ಗೀರು ಬಿದ್ದಿತ್ತು, ಹಾಗಾಗಿ ಸೋವಿ.

"ಮಾಸ್ತರ, ಮಂದಿ ಮಾರಿ ತಗಿಯಾವ್ರಿದ್ರ ಐವತ್ತು ಒಯ್ಯಿರಿ. ಈ ಇಪ್ಪತ್ತೆಂಟು ಹೊಲ, ಗುಡಿ, ಗುಂಪಿನ ಫೋಟೋಕ್ಕ ಚೊಲೊ" ಎಂದ ಮುದುಕ.

ಎರಡನ್ನೂ ಹಾಕಿ ನೋಡಿದೆ. ಐವತ್ತರಲ್ಲಿ ಮುದುಕ ಮತ್ತು ಅವನ ಗಲ್ಲಾಪೆಟ್ಟಿಗೆ ಅಷ್ಟೇ ಕಂಡವು. ಇಪ್ಪತ್ತೆಂಟರಲ್ಲಿ ಇಡೀ ಅಂಗಡಿ, ಬಾಗಿಲು, ಬಾಜೂಕ್ಕೆ ನಿಲ್ಲಿಸಿದ ಸೈಕಲ್ಲು ಎಲ್ಲ ಹಿಡಿಯಿತು. ಒಂದು ರೀಲಿಗೆ ಮೂವತ್ತಾರೇ ಫೋಟೋ. ಒಂದೊಂದರಲ್ಲೂ ಹೆಚ್ಚು ಹಿಡಿಸಿದರೆ ಅಷ್ಟು ಉಳಿತಾಯವಲ್ಲವೇ ಎಂದುಕೊಂಡೆ. ಚೀಲಕ್ಕೆ ಜೋಳ ಜಗ್ಗಿ ತುಂಬುವವನ ಬುದ್ಧಿ ನನ್ನದು. ಇಪ್ಪತ್ತೆಂಟನ್ನೇ ತಂದೆ.

ಆ ವರ್ಷ ದುಮ್ಮವಾಡದ ನಮ್ಮ ಮನೆಯಲ್ಲಿ ಅಕ್ಕನಿಗೆ ವರ ನೋಡುತ್ತಿದ್ದರು. ಧಾರವಾಡದ ಕಡೆಯವರು ಮೊದಲು ಫೋಟೋ ಕಳಿಸಿರಿ ಎಂದರು. ಅಪ್ಪ ಅವಳನ್ನು ಕಲಘಟಗಿಯ ಸ್ಟುಡಿಯೋಕ್ಕೆ ಕರೆದೊಯ್ಯಲು ಹೊರಟ. ನಾನು ಬಿಡಲಿಲ್ಲ. "ಮನ್ಯಾಗ ಕ್ಯಾಮೆರಾ ಇಟಗೊಂಡು ಸ್ಟುಡಿಯೋ ಯಾಕ?" ಎಂದೆ. ಅಕ್ಕನಿಗೂ ಅದೇ ಬೇಕಿತ್ತು. ಗುರುತಿಲ್ಲದವನ ಮುಂದೆ ಕೂಡಲು ಅವಳಿಗೆ ನಾಚಿಕೆ.

ಹಿತ್ತಲಿನ ಗೋಡೆಯ ಮುಂದೆ ಅವಳನ್ನು ಕೂಡಿಸಿದೆ. ದೂರದಿಂದ ನೋಡಿದರೆ ಅಕ್ಕ ಸಣ್ಣಗೆ, ಗೋಡೆಯೇ ದೊಡ್ಡದಾಗಿ ಕಂಡಿತು. ಮುಂದೆ ಹೋದೆ, ಇನ್ನೂ ಮುಂದೆ ಹೋದೆ, ಅವಳ ಮುಖ ತುಂಬಿ ಬರುವವರೆಗೆ. ಲೆನ್ಸಿಗೂ ಅವಳ ಮೂಗಿಗೂ ಒಂದು ಗೇಣು ಅಂತರ.

"ಮೂಗಿಗೆ ಬಡದೀಯೋ" ಎಂದು ನಕ್ಕಳು. ಆ ನಗುವಿನಲ್ಲೇ ಗುಂಡಿ ಒತ್ತಿದೆ.

ಹುಬ್ಬಳ್ಳಿಯಿಂದ ಫೋಟೋ ತೊಳೆಸಿಕೊಂಡು ಬಂದೆ. ಮೂಗು ಉಬ್ಬಿತ್ತು, ಹಣೆ ಮುಂದೆ ಬಂದಿತ್ತು, ಕಿವಿಗಳು ಹಿಂದೆಲ್ಲೋ ಸರಿದಿದ್ದವು. ನಮ್ಮ ಮನೆಯ ಕನ್ನಡಿ ಅಂಗೈಯಷ್ಟು. ಕನ್ನಡಿಗಿಂತ ಫೋಟೋದ ಮೇಲೆ ಎಲ್ಲರಿಗೂ ನಂಬಿಕೆ ಹೆಚ್ಚು. ಅಕ್ಕ ಬಹಳ ಹೊತ್ತು ನೋಡಿದಳು.

"ನಾ ಹಿಂಗ ಕಾಣ್ತೇನೇನೋ, ತಮ್ಮಾ?"

ಏನೋ ಸರಿಯಿಲ್ಲ ಎಂದು ನನಗೂ ಅನ್ನಿಸಿತ್ತು. ಆದರೆ ಕ್ಯಾಮೆರಾ ತಂದ ದಿನದಿಂದ ಅಪ್ಪ ಗೊಣಗುತ್ತಲೇ ಇದ್ದ, ಅವನೆದುರು ಸೋಲೊಪ್ಪಲು ನನ್ನ ಜಂಬ ಬಿಡಲಿಲ್ಲ. "ಕ್ಯಾಮೆರಾ ಸುಳ್ಳ ಹೇಳತೈತೇನ ಬೇ ಅಕ್ಕಾ?" ಎಂದುಬಿಟ್ಟೆ.

ಫೋಟೋ ಹೋಯಿತು, ವಾರದೊಳಗೆ ತಿರುಗಿ ಬಂತು. ಆಮೇಲೆ ಅಕ್ಕ ಹೆರಳು ಹಾಕಿಕೊಳ್ಳುವಾಗಲೂ ಕನ್ನಡಿ ನೋಡುವುದನ್ನು ಬಿಟ್ಟಳು. ಬೇರೆಯವರು ಕೇಳಿದರೆ ಫೋಟೋ ಕೊಡಗೊಡಲಿಲ್ಲ, ನೋಡಲು ಬಂದವರ ಮುಂದೆ ಕೂಡಲಿಲ್ಲ. ಅಳ್ನಾವರದಿಂದ ಎರಡನೇ ಮದುವೆಯ ಸಂಬಂಧವೊಂದು ಬಂತು. ಹೆಂಡತಿ ತೀರಿಕೊಂಡವನು, ಅಕ್ಕನಿಗಿಂತ ಹದಿನಾರು ವರ್ಷ ದೊಡ್ಡವನು. ಬೇಡವೆಂದು ಅವ್ವ ಅತ್ತಳು. ಅಕ್ಕ ಹೂಂ ಅಂದಳು.

"ಅವ್ರು ಫೋಟೋ ಕೇಳಿಲ್ಲ" ಎಂದಳು, ಅಷ್ಟೇ.

ಲಗ್ನಕ್ಕೆ ರೀಲು ತರಲು ಹುಬ್ಬಳ್ಳಿಗೆ ಹೋದಾಗ, ಇದರಲ್ಲಿ ಏನು ತಪ್ಪಾಗಿದೆ ನೋಡಿರಿ ಎಂದು ಮುದುಕನಿಗೆ ಅಕ್ಕನ ಫೋಟೋ ತೋರಿಸಿದೆ. ಅವನು ನಗಲಿಲ್ಲ. ಸ್ಟೂಲಿನ ಮೇಲೆ ಕುಳಿತು, ನನ್ನ ಇಪ್ಪತ್ತೆಂಟರಿಂದಲೇ ತನ್ನ ಮುಖವನ್ನು ಗೇಣು ದೂರದಲ್ಲಿ ನೋಡಲು ಹೇಳಿದ. ಮೂಗು ಬದನೆಕಾಯಿಯಂತೆ ಕಂಡಿತು. ಆಮೇಲೆ ಐವತ್ತು ಹಾಕಿಸಿ, ಮೂರು ಹೆಜ್ಜೆ ಹಿಂದೆ ಸರಿಸಿದ. ಈಗ ಅವನ ಮುಖ ಇದ್ದ ಹಾಗೇ ಇತ್ತು.

"ಲೆನ್ಸಿಂದೇನೂ ತಪ್ಪಿಲ್ರಿ. ಅಷ್ಟು ಹತ್ರ ಹೋಗಿ ಮಾರಿ ಹಿಡದ್ರಲ್ಲ, ಅದು ತಪ್ಪು. ಐವತ್ತಿದ್ರ ದೂರ ನಿಂತ ತಗಿತಿದ್ರಿ. ಯಾರ ಮಾರಿನೂ ಹಿಂಗ ಇರಂಗಿಲ್ರಿ."

ಇಪ್ಪತ್ತೆಂಟನ್ನು ತಿರುಗಿ ತೆಗೆದುಕೊಂಡು ಐವತ್ತನ್ನು ಕೊಟ್ಟ. ಬಸ್ಸಿನುದ್ದಕ್ಕೂ ಇವತ್ತು ಹೇಳಿಯೇ ಬಿಡುತ್ತೇನೆ ಎಂದುಕೊಂಡು ಬಂದೆ. ಮನೆಯಲ್ಲಿ ಅಪ್ಪ ಲಗ್ನಪತ್ರಿಕೆಗಳ ಮೇಲೆ ಹೆಸರು ಬರೆಯುತ್ತಿದ್ದ. ಬಾಯಿ ಬಿಟ್ಟರೆ ಎಲ್ಲ ನನ್ನ ತಲೆಗೇ ಬರುತ್ತದೆ ಎಂದು ಹೆದರಿ ಸುಮ್ಮನಾದೆ. ಹೇಡಿತನ ಅದು, ಬೇರೆ ಹೆಸರಿಲ್ಲ. ಲಗ್ನದಲ್ಲಿ ಐವತ್ತರಿಂದ ಎರಡು ರೀಲು ತೆಗೆದೆ. ಒಂದರಲ್ಲೂ ಅಕ್ಕ ತಲೆ ಎತ್ತಿಲ್ಲ.

ನಾಲ್ಕು ವರ್ಷದ ಮೇಲೆ ಅಳ್ನಾವರದ ಅವಳ ಅಡಿಗೆಮನೆಯಲ್ಲಿ ಕುಳಿತಿದ್ದಾಗ ತಡೆಯಲಾಗದೆ ಎಲ್ಲ ಹೇಳಿದೆ. ಅವಳು ಶೇಂಗಾ ಸುಲಿಯುತ್ತ ಕೇಳಿದಳು.

"ಯಾವಾಗ ಗೊತ್ತಾತು ನಿನಗ?"

"ಲಗ್ನಕ್ಕಿಂತ ಮೊದಲ."

"ಎಷ್ಟ ದಿನ ಮೊದಲ?"

ಸುಳ್ಳು ಹೇಳಬಹುದಿತ್ತು. "ಹದಿನೆಂಟ ದಿನ" ಎಂದೆ.

ಅವಳ ಕೈ ನಿಂತಿತು.

"ಹದಿನೆಂಟ ದಿನ ಭಾಳ ಆತಲ್ಲೋ, ತಮ್ಮಾ" ಎಂದಳು. "ನಂಗ ಒಂದ ದಿನ ಸಾಕಿತ್ತು."