ಜೀಪಿನ ಮೂಗಿಗೊಂದು ಕೊಂಡಿ

"ಜೀಪಿಗೆ ಕೊಂಡಿ ಹಿಂದ ಇರ್ತದ, ಮುಂದ ಯಾಕ್ರಿ?" ಅಂತ ವಿಜಾಪುರದ ಕಂಬಾರ ಕೇಳಿದ. ಸಾರವಾಡದಾಗ ನೀರೆತ್ತೋ ಇಂಜಿನ್ ಗಾಡಿನ ಬಾವಿ ದಂಡಿಗೆ ದಬ್ಬಬೇಕಿತ್ತು. ಕಣ್ಣೆದುರಿಗೇ ಇರಲಿ ಅಂತ ಹಟ ಹಿಡಿದು ಮುಂದಿನ ಬಂಪರಿಗೇ ಬೋಲ್ಟ್ ಹಾಕಿಸಿದೆ.

ಕಣ್ಣೆದುರು ಬಂದದ್ದು ಇಂಜಿನ್ ಅಷ್ಟೇ. ಅದರ ಮರೆಯಾಗ ಬಾವಿನೇ ಕಾಣವಲ್ದು! ಇಳಿಜಾರು ಬಂದಕೂಡ್ಲೆ ಗಾಡಿ ಜೀಪನ್ನೇ ಎಳಕೊಂಡು ಹೊಂಟಿತು. ಕೊಂಡಿ ಕಟಕಟ ಅಂತು. ಬಾಜೂಕ ನಡಕೋತ ಬರಾಕತ್ತಿದ್ದ ಹೊಲದ ಯಜಮಾನ ಮಲ್ಲಪ್ಪಜ್ಜ, ಎತ್ತಿಗೆ ಕೂಗಿದಂಗ "ಹೋ... ಹೋ!" ಅಂತ ಚೀರಿದ. ನಾ ಬ್ರೇಕ್ ಮ್ಯಾಲೆ ನಿಂತೇಬಿಟ್ಟೆ. ಗಾಡಿ ಗಾಲಿಗೂ ಬಾವಿಗೂ ನಡುವ ಗೇಣು ಜಾಗ ಉಳಿದಿತ್ತು.

ಇಳಿದು ಗಾಲಿಗೆ ಕಲ್ಲು ಕೊಟ್ಟೆ. ಅಜ್ಜ ಜೀಪಿನ ಬಾನೆಟ್ ಚಪ್ಪರಿಸಿ, "ಶಾಣ್ಯಾ ಅದ, ಹೇಳಿದ ಮಾತು ಕೇಳ್ತದ" ಅಂದ. ಕೊಡದಾಗಿನ ನೀರೂ ಮೊದಲು ಅದರ ರೇಡಿಯೇಟರಿಗೆ ಕುಡಿಸಿದ. ನಾ ಕೇಳಿ ಇಸ್ಕೊಂಡು ಕುಡಿದೆ.