ಬಿರುಕುಬಿಟ್ಟ ಫ್ರೆಂಚ್ ಹೂದಾನಿ

ಕೋಬೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ನಾವು ಹತ್ತಬೇಕಾಗಿದ್ದ ಟೋಕಿಯೋ ರೈಲು ಹೋಗಿಯಾಯಿತು. ಇಸವಿ ಎರಡು ಸಾವಿರಕ್ಕೆ ಕಂಪ್ಯೂಟರುಗಳೆಲ್ಲ ಕೆಡುತ್ತವೆಂಬ ವೈಟುಕೆ ಗಲಾಟೆಯ ನಡುವೆ ಆಫೀಸಿನವರನ್ನು ಕಾಡಿ ಬೇಡಿ ಪಡೆದ ರಜೆ ಒಂದು ಹೂದಾನಿಯ ಪಾಲಾಯಿತು.

ನನ್ನ ಹೆಂಡತಿ ಸುಧಾಗೆ ಹಳೆಯ ಫ್ರೆಂಚ್ ಸ್ಟೋನ್‌ವೇರ್, ಅಂದರೆ ಗಟ್ಟಿಯಾಗಿ ಸುಟ್ಟ ಮಣ್ಣಿನ ಪಾತ್ರೆ, ಸಂಗ್ರಹಿಸುವ ಹುಚ್ಚು. ಇಲ್ಲಿನ ಅಂಗಡಿಯೊಂದರ ಕಿಟಕಿಯಲ್ಲಿ ಕಂದು ಮೈಮೇಲೆ ನೀಲಿ ಮೆರುಗು ಇಳಿದಿದ್ದ ಹೂದಾನಿ ಕಂಡಿತು. ಅಂಗಡಿಯ ಮುದುಕರು ತನಾಕಾ-ಸಾನ್ ಮಾರಲು ಒಪ್ಪಲಿಲ್ಲ.

"ಸುಮಿಮಾಸೆನ್, ಕ್ಷಮಿಸಿ, ಬಿರುಕಿದೆ."

"ಬಿರುಕಿನ ಒಳಗೂ ಗ್ಲೇಜ್ ಇಳಿದಿದೆ ನೋಡಿ! ಅದು ಸುಡೋ ಭಟ್ಟೀಲೇ ಬಿಟ್ಟಿರೋ ಬಿರುಕು. ಹೇಳ್ರೀ ಅವರಿಗೆ," ಎಂದು ಸುಧಾ ನನ್ನನ್ನು ತಿವಿದಳು.

ನನ್ನ ಹರಕು ಜಪಾನಿಯಲ್ಲಿ ಹೇಳಿದೆ.

"ಗೊತ್ತು," ಎಂದರು ತನಾಕಾ-ಸಾನ್. "ಮಾಡಿದವನೂ ಮಾರಬಾರದಿತ್ತು."

ಸುಧಾ ಸ್ಟೂಲೊಂದನ್ನು ಎಳೆದುಕೊಂಡು ಕೂತೇಬಿಟ್ಟಳು. ಅವರು ಚಹಾ ತಂದರು, ಕ್ಷಮೆ ಕೇಳಿದರು, ಮತ್ತೆ ಚಹಾ ತಂದರು. ಮಾರದ ಮೇಲೆ ಕಿಟಕಿಯಲ್ಲಿ ಯಾಕ್ರೀ ಇಟ್ಟಿರಿ ಎಂದು ಕಿರುಚುವಂತಾಯಿತು ನನಗೆ.

ಕೊನೆಗೆ ಅವರೇ ಕೇಳಿದರು: "ಇದರಲ್ಲಿ ನೀರು ನಿಲ್ಲುವುದಿಲ್ಲ. ಇಟ್ಟುಕೊಂಡು ಏನು ಮಾಡುತ್ತೀರಿ?"

"ಏನಿಲ್ಲ, ಸುಮ್ನೆ ನೋಡ್ತಾ ಇರ್ತೀನಿ," ಎಂದಳು ಸುಧಾ. ಅದನ್ನೂ ಜಪಾನಿಗೆ ತಿರುಗಿಸಿದೆ.

ಮುದುಕರು ಮೊದಲ ಬಾರಿಗೆ ನಕ್ಕರು. "ನಾನೂ ಅಷ್ಟೇ ಮಾಡುತ್ತಿರುವುದು," ಎಂದು ಹೂದಾನಿಯನ್ನು ಎತ್ತಿಕೊಂಡು ಒಳಗೆ ಹೋದರು.

ಸುಧಾ ಜಗಳಕ್ಕೆ ನಿಲ್ಲುತ್ತಾಳೆಂದುಕೊಂಡೆ. ಅವಳು ಎದ್ದು, ಅವರ ಬೆನ್ನಿಗೇ ತಲೆಬಾಗಿ ವಂದಿಸಿದಳು. ಬೀದಿಗೆ ಬಂದಮೇಲೆ ನನ್ನ ತೋಳು ಹಿಡಿದು ಕೇಳಿದಳು: "ನಾಳೆ ಬೆಳಿಗ್ಗೆ ಇನ್ನೊಂದ್ಸಲ ಬರೋಣ್ವಾ?"